ಹಾಕ್‌ನ ಗಾಜಿನೊಳಗೆ ಅಪ್ಪನ ಬೆರಳು

ಬೀದರ್, ಭಾನುವಾರ, 2 ನವೆಂಬರ್ 2025
ರಾತ್ರಿ 11.20

ನಿನ್ನೆ ರಾಜ್ಯೋತ್ಸವ, ಇವತ್ತು ಭಾನುವಾರ. ಸೇರಿ ಎರಡು ರಜೆ ಸಿಕ್ಕಿದ್ದರಿಂದ ನಾನು ಕಟ್ಟುತ್ತಿರುವ ಹಾಕ್ ವಿಮಾನದ ಮಾಡೆಲ್ ಮುಗಿಸಿಯೇ ಏಳಬೇಕು ಅಂತ ಕೂತಿದ್ದೆ. ಮುಗಿಯಲಿಲ್ಲ.

ಬೆಳಿಗ್ಗೆ ಚಹಾ ಕುಡಿದು ಮೇಜಿನ ಮೇಲಿನ ಡಬ್ಬಿಯ ಮುಚ್ಚಳ ತೆಗೆದೆ. ಎದೆ ಧಸಕ್ ಅಂತು. ರಾತ್ರಿ ಕನ್ನಡಿಯಂತೆ ಹೊಳೆಯುತ್ತಿದ್ದ ಕ್ಯಾನೊಪಿಯ, ಅಂದರೆ ಪೈಲಟ್ ಕೂರುವ ಜಾಗದ ಮೇಲಿನ ಗಾಜಿನ ಮುಚ್ಚಳದ, ಒಳಗೆಲ್ಲ ಬೆಳ್ಳಗೆ ಮಂಜು ಕವಿದಿತ್ತು. ಒಳಗಿನ ಸೀಟು, ಎರಡು ವಾರ ಕೂತು ಬಣ್ಣ ಹಚ್ಚಿದ ಮೀಟರ್ ಫಲಕ, ಯಾವುದೂ ಕಾಣುತ್ತಿರಲಿಲ್ಲ. ತಪ್ಪು ನನ್ನದೇ. ರಾತ್ರಿ ಹಿಂದಿನ ಸೀಟು ಅಲುಗಾಡುತ್ತಿದೆ ಅಂತ ಒಂದು ಹನಿ ಸೂಪರ್ ಗ್ಲೂ ಬಿಟ್ಟು, ಹತ್ತು ನಿಮಿಷವೂ ಕಾಯದೆ ಮೇಲೆ ಗಾಜು ಕೂರಿಸಿಬಿಟ್ಟಿದ್ದೆ. ಸೂಪರ್ ಗ್ಲೂ ಒಣಗುವಾಗ ಆವಿ ಬಿಡುತ್ತದೆ. ಗಾಳಿ ಆಡದ ಕಡೆ ಆ ಆವಿ ಹತ್ತಿರದ ಮೇಲ್ಮೈ ಮೇಲೆ ಬಿಳಿ ಪುಡಿಯಾಗಿ ಕೂಡುತ್ತದೆ. ಮಾಡೆಲ್ ಕಟ್ಟುವವರಿಗೆಲ್ಲ ಗೊತ್ತಿರುವ ಮಾತಿದು, ನನಗೂ ಗೊತ್ತಿತ್ತು.

ದಸರಾ ರಜೆಯಲ್ಲಿ ಶುರು ಮಾಡಿದ್ದು. 1/48 ಅಳತೆಯ ಕಿಟ್. ನಿಜವಾದ ಹಾಕ್ ಮೂಗಿನಿಂದ ಬಾಲದವರೆಗೆ ಸುಮಾರು 12.4 ಮೀಟರ್, ನನ್ನದು 26 ಸೆಂಟಿಮೀಟರಿಗೆ ಸ್ವಲ್ಪ ಕಡಿಮೆ. ಬೀದರಿನಲ್ಲಿ ಹುಟ್ಟಿ ಬೆಳೆದವನು ಬೇರೆ ಯಾವ ವಿಮಾನ ಕಟ್ಟಲಿ? ನಮ್ಮ ಏರ್‌ಫೋರ್ಸ್ ಸ್ಟೇಷನ್ನಿಗೆ ಹಾಕ್ ಬಂದದ್ದು 2008ರ ಫೆಬ್ರವರಿಯಲ್ಲಿ. ಅಂದಿನಿಂದ ನಮ್ಮ ಮಾಳಿಗೆ ಮೇಲೆ ಅದರದೇ ಸದ್ದು. ಯುದ್ಧವಿಮಾನ ಹಾರಿಸಲು ಕಲಿಯುವ ಹುಡುಗರು ಇಲ್ಲಿ ಕಲಿತು ಮುಂದೆ ಹೋಗುತ್ತಾರೆ. ಆಕಾಶದಲ್ಲಿ ಕಸರತ್ತು ತೋರಿಸುವ ವಾಯುಪಡೆಯ ಸೂರ್ಯಕಿರಣ್ ತಂಡವೂ ಇಲ್ಲಿಯದೇ. 1996ರಲ್ಲಿ ಇದೇ ಬೀದರಿನಲ್ಲಿ ಕಿರಣ್ ವಿಮಾನಗಳೊಂದಿಗೆ ಕಟ್ಟಿದ ತಂಡ ಅದು. 2011ರಲ್ಲಿ ನಿಂತುಹೋಯಿತು, ಕೆಲವು ವರ್ಷ ಬಿಟ್ಟು ಹಾಕ್‌ನೊಂದಿಗೆ ಮತ್ತೆ ಎದ್ದಿತು. ಒಂಬತ್ತು ವಿಮಾನ ಒಂದಕ್ಕೊಂದು ಅಂಟಿದ ಹಾಗೆ ಹಾರುವುದನ್ನು ಮಾಳಿಗೆಯ ಮೇಲೆ ನಿಂತು ನೋಡಿದ ಊರು ನಮ್ಮದು. ಹಾಗಾಗಿ ನನ್ನ ಹಾಕ್‌ಗೂ ಅದೇ ಕೆಂಪು-ಬಿಳಿ.

ಇಷ್ಟು ವರ್ಷ ದಿನಾ ತಲೆ ಎತ್ತಿ ನೋಡಿದ್ದೇನೆ. ನೋಡಿದ್ದೆಷ್ಟು ಅನ್ನುವುದು ಕಟ್ಟಲು ಕೂತಾಗಲೇ ತಿಳಿದದ್ದು. ಬಾಲದ ಎರಡು ರೆಕ್ಕೆಗಳನ್ನು ಕೂಡಿಸುವಾಗ ಅವು ಕೆಳಕ್ಕೆ ಇಳಿಬಿದ್ದಂತೆ ಕಂಡವು. ನಾನೇ ತಪ್ಪು ಕೂರಿಸಿದೆ ಅಂದುಕೊಂಡು ಅಂಟು ಹಸಿಯಿರುವಾಗಲೇ ಎತ್ತಿ ನೆಲಕ್ಕೆ ಸಮ ಮಾಡಿಟ್ಟೆ. ಮರುದಿನ ಬಟ್ಟೆ ಒಣಹಾಕಲು ಮಾಳಿಗೆಗೆ ಹೋದಾಗ ಒಂದು ಹಾಕ್ ಚಿದ್ರಿ ಕಡೆ ಇಳಿಯುತ್ತಿತ್ತು. ಚಕ್ರ ಬಿಟ್ಟುಕೊಂಡು, ನಿಧಾನವಾಗಿ, ತಲೆಯ ಮೇಲೆಯೇ. ಮುಂದಿನ ದೊಡ್ಡ ರೆಕ್ಕೆ ಒಂಚೂರು ಮೇಲಕ್ಕೆ ಚಾಚಿದೆ, ಬಾಲದ ರೆಕ್ಕೆಗಳು ಕೆಳಕ್ಕೆ ಬಾಗಿವೆ. ಹದಿನೇಳು ವರ್ಷ ನನ್ನ ತಲೆಯ ಮೇಲೆ ಹಾರಿದರೂ ಅದು ನನ್ನ ಕಣ್ಣಿಗೆ ಬಿದ್ದದ್ದು ಅವತ್ತೇ. ಕೆಳಗೆ ಓಡಿಬಂದು ಬಿಸಿನೀರಿನಲ್ಲಿ ಬ್ಲೇಡ್ ಅದ್ದಿ ಬಾಲ ಬಿಡಿಸಿ ಮತ್ತೆ ಕೂರಿಸಿದೆ.

ಅಪ್ಪನಿಗೆ ಮಾತ್ರ ಹಾಕ್ ಎಂದರೆ ಇನ್ನೂ ಹೊಸ ವಿಮಾನವೇ. ಅವರು ಸ್ಟೇಷನ್ನಿನೊಳಗೆ ಕಂತ್ರಾಟದ ಬಡಗಿ ಕೆಲಸಕ್ಕೆ ಹೋಗುತ್ತಿದ್ದ ಕಾಲ ಕಿರಣ್‌ನದು. ವಿಮಾನ ವಿನ್ಯಾಸಕಾರ ವಿ. ಎಂ. ಘಾಟಗೆಯವರ ಮುಂದಾಳತ್ವದಲ್ಲಿ ಬೆಂಗಳೂರಿನ ಎಚ್‌ಎಎಲ್ ರೂಪಿಸಿ 1964ರಲ್ಲಿ ಮೊದಲು ಹಾರಿಸಿದ ವಿಮಾನ. ಅಪ್ಪ ನನ್ನ ಹಾಕ್ ನೋಡಿ ಮೊದಲು ಹೇಳಿದ್ದೇ, "ಕಿರಣದಾಗ ಇಬ್ರೂ ಬಾಜೂಕ ಬಾಜೂ ಕೂಡ್ತಿದ್ರು. ಇದ್ರಾಗ ಹಿಂದ-ಮುಂದ." ಮತ್ತೆ ಸ್ವಲ್ಪ ಹೊತ್ತು ನೋಡಿ, "ಹಿಂದಿಂದು ಎತ್ತರ ಐತಲ್ಲ, ಯಾಕ?" ಅಂದರು. ಹಿಂದೆ ಕೂರುವವರು ಗುರುಗಳು. ಶಿಷ್ಯನ ತಲೆಯ ಮೇಲಿಂದ ರನ್‌ವೇ ಕಾಣಲಿ ಅಂತ ಆ ಸೀಟು ಎತ್ತರ. ಬಡಗಿಯ ಕಣ್ಣು, ಒಂದು ಕೂದಲೆಳೆಯ ಏರುಪೇರು ಬಿಡುವುದಿಲ್ಲ.

ಮೂಗಿಗೆ ತೂಕ ಕೊಟ್ಟದ್ದೂ ಅವರೇ. ಮೂರು ಚಕ್ರದ ಮೇಲೆ ನಿಲ್ಲಬೇಕಾದ ಮಾಡೆಲ್, ಮೂಗಿನಲ್ಲಿ ಭಾರ ಇಲ್ಲದಿದ್ದರೆ ಬಾಲದ ಮೇಲೆ ಕೂತುಬಿಡುತ್ತದೆ. ಸೀಸದ ಗುಂಡು ಎಲ್ಲೂ ಸಿಗಲಿಲ್ಲ. ಅಪ್ಪ ಬಿದರಿ ಕೆಲಸದ ಗೆಳೆಯರ ಮನೆಗೆ ಹೋಗಿ ಎರಕದ ಚೂರುಗಳನ್ನು ಕಾಗದದಲ್ಲಿ ಕಟ್ಟಿಸಿಕೊಂಡು ಬಂದರು. ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ. ಸೀಸದಷ್ಟು ಭಾರವಿಲ್ಲ, ಆದರೆ ಮೂಗು ತುಂಬ ತುಂಬಿದ ಮೇಲೆ ಸಾಕಾಯಿತು. ನನ್ನ ಹಾಕ್‌ನ ಮೂಗಿನಲ್ಲಿ ಬಿದರಿ ಇದೆ ಅನ್ನುವುದು ನನಗೆ ಬಹಳ ಸಂತೋಷದ ವಿಷಯ.

ಬಣ್ಣದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಮೊದಲು ಬಿಳಿ, ಪೂರ್ತಿ ಒಣಗಿದ ಮೇಲೆ ಮಾಸ್ಕಿಂಗ್ ಟೇಪ್, ಟೇಪಿನ ಅಂಚಿಗೆ ಇನ್ನೊಮ್ಮೆ ಬಿಳಿ, ಆಮೇಲೆ ಕೆಂಪು. ಆ ಎರಡನೇ ಬಿಳಿ ಟೇಪಿನ ಸಂದು ಮುಚ್ಚುವುದರಿಂದ ಕೆಂಪು ಒಳಗೆ ನುಸುಳುವುದಿಲ್ಲ. ಟೇಪ್ ಎಳೆದಾಗ ಗೆರೆ ಚಾಕುವಿನಿಂದ ಕೊಯ್ದಂತೆ ಬಂತು.

ಸೀಟುಗಳಿಗೆ ಹಿಡಿದ ಹೊತ್ತು ಬೇರೆ ಯಾವುದಕ್ಕೂ ಹಿಡಿಯಲಿಲ್ಲ. ಪೈಲಟ್‌ನ ಎರಡು ತೊಡೆಗಳ ನಡುವೆ ಹಳದಿ-ಕಪ್ಪು ಪಟ್ಟೆಯ ಒಂದು ಹಿಡಿ ಇರುತ್ತದೆ. ಅದನ್ನು ಎಳೆದರೆ ಸೀಟು ಸಮೇತ ಮನುಷ್ಯ ಹೊರಗೆ. ಅದಕ್ಕೂ ಮುಂಚೆ ತಲೆಯ ಮೇಲಿನ ಗಾಜು ಒಡೆಯಬೇಕು. ಹಾಕ್‌ನ ಕ್ಯಾನೊಪಿಯಲ್ಲಿ ಅಂಕುಡೊಂಕಾಗಿ ಓಡುವ ಒಂದು ಗೆರೆ ಕಾಣುತ್ತದಲ್ಲ, ಅದು ಸಿಡಿಮದ್ದಿನ ಎಳೆ. ಕ್ಷಣದಲ್ಲಿ ಗಾಜನ್ನು ಚೂರು ಮಾಡುತ್ತದೆ. 2019ರ ಫೆಬ್ರವರಿ 19ರಂದು ಯಲಹಂಕದಲ್ಲಿ ಸೂರ್ಯಕಿರಣ್‌ನ ಎರಡು ಹಾಕ್ ಅಭ್ಯಾಸದ ವೇಳೆ ತಾಗಿಕೊಂಡಾಗ ಇಬ್ಬರು ಹೀಗೆ ಹೊರಬಂದು ಉಳಿದರು. ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ಉಳಿಯಲಿಲ್ಲ. ಆ ಸಂಜೆ ನಮ್ಮ ಓಣಿಯಲ್ಲಿ ಯಾರೂ ಜೋರಾಗಿ ಮಾತಾಡಿರಲಿಲ್ಲ. ಎಳ್ಳಿನ ಕಾಳಿನಷ್ಟು ಹಿಡಿಗೆ ಕಪ್ಪು ಪಟ್ಟೆ ಎಳೆಯುವಾಗ ಅದೇ ನೆನಪು. ಕೈ ನಡುಗಿ ಎರಡು ಸಲ ಅಳಿಸಿ ಬರೆದೆ.

ಬೆಳಿಗ್ಗೆಯ ಮಂಜಿಗೆ ಬರುತ್ತೇನೆ. ಕ್ಯಾನೊಪಿಯನ್ನು ಫೆವಿಕಾಲ್‌ನಿಂದ ಅಂಟಿಸಿದ್ದೆ, ಅದೊಂದೇ ನನ್ನನ್ನು ಕಾಪಾಡಿತು. ಒದ್ದೆ ಹತ್ತಿಯನ್ನು ಅಂಚಿನ ಸುತ್ತ ಇಟ್ಟು ಅರ್ಧ ಗಂಟೆ ಕಾದೆ, ಅಂಟು ಮೆತ್ತಗಾಯಿತು, ಗಾಜು ಮೇಲೆ ಬಂತು. ಕಿಟಕಿಯ ಬೆಳಕಿಗೆ ಹಿಡಿದೆ. ಬಿಳಿ ಪುಡಿ ಎಲ್ಲ ಕಡೆ ಒಂದೇ ಸಮ ಇರಲಿಲ್ಲ. ಒಳಮೈಯಲ್ಲಿ, ಗುರುಗಳ ಸೀಟಿನ ಮೇಲೆ ಬರುವ ಜಾಗದಲ್ಲಿ, ಒಂದು ಬೆರಳಚ್ಚು ಎದ್ದುಕೊಂಡಿತ್ತು. ಸುರುಳಿ ಸುರುಳಿ ಗೆರೆ ಅಷ್ಟೂ ಸ್ಪಷ್ಟ. ಪೊಲೀಸರು ಕಳ್ಳನ ಬೆರಳಚ್ಚು ಎಬ್ಬಿಸುವುದೂ ಇದೇ ಆವಿಯಿಂದ, ಬೆರಳಿನ ಜಿಡ್ಡು-ಬೆವರು ಇದ್ದಲ್ಲಿ ಅದು ಹೆಚ್ಚು ಹಿಡಿಯುತ್ತದೆ. ಸುರುಳಿಗಳನ್ನು ಅಡ್ಡಕ್ಕೆ ಕಡಿದು ಒಂದು ಖಾಲಿ ಗೆರೆ. ಅಪ್ಪನ ಎಡಗೈ ತೋರುಬೆರಳು. ಉಳಿ ಜಾರಿ ಆದ ಗಾಯದ ಕಲೆ, ನಾನು ಚಿಕ್ಕವನಿದ್ದಾಗಿನಿಂದ ನೋಡಿದ್ದು. ಶನಿವಾರ ಸಂಜೆ ಅವರು ಗಾಜನ್ನು ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿದ್ದರು.

ಸುಮಾರು ಹೊತ್ತು ಹಾಗೇ ಹಿಡಿದುಕೊಂಡು ಕೂತೆ. ಉಜ್ಜಲು ಮನಸ್ಸು ಬರಲಿಲ್ಲ. ಹೀಗೇ ಇರಲಿ, ಕ್ಯಾನೊಪಿ ಪಕ್ಕಕ್ಕೆ ತೆರೆದಿಟ್ಟ ಹಾಗೆ ಅಂಟಿಸಿದರಾಯಿತು ಅಂದುಕೊಂಡೆ. ಅಪ್ಪನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿದರು, ತಮ್ಮ ಬೆರಳನ್ನೂ ಪಕ್ಕದಲ್ಲಿಟ್ಟು ನೋಡಿದರು.

"ತೆಗಿ ಅದು. ಹಿಂದ ಕೂತವ್ಗ ಕಾಣ್ಬೇಕಲ್ಲ."

ತೆಗೆದೆ. 2000 ನಂಬರಿನ ಉಜ್ಜುಕಾಗದ ನೀರಿನಲ್ಲಿ ಅದ್ದಿ ಮೆಲ್ಲಗೆ, ಆಮೇಲೆ ಹಳೆ ಬನಿಯನ್ ತುಂಡಿನ ಮೇಲೆ ಬಿಳಿ ಟೂತ್‌ಪೇಸ್ಟ್. ಸಿಡಿಮದ್ದಿನ ಗೆರೆ ಗಾಜಿನ ಹೊರಮೈಯಲ್ಲಿ ಮೂಡಿಸಿದ್ದರಿಂದ ಅದಕ್ಕೆ ಏನೂ ಆಗಲಿಲ್ಲ. ಮಧ್ಯಾಹ್ನ ಊಟಕ್ಕೆ ಎದ್ದದ್ದು ಬಿಟ್ಟರೆ ಸಂಜೆಯವರೆಗೆ ಅದೇ ಕೆಲಸ. ಕೊನೆಗೆ ಹೊಳಪಿನ ಅಕ್ರಿಲಿಕ್ ವಾರ್ನಿಷಿನಲ್ಲಿ ಒಮ್ಮೆ ಅದ್ದಿ ಎತ್ತಿದೆ, ಉಳಿದಿದ್ದ ಸಣ್ಣ ಗೀರುಗಳೂ ಮುಚ್ಚಿಹೋದವು.

ಈಗ ಧೂಳು ಕೂರದಿರಲಿ ಅಂತ ಅಪ್ಪ ತಮ್ಮ ಸ್ಟೀಲ್ ಬಟ್ಟಲು ಬೋರಲು ಹಾಕಿದ್ದಾರೆ. ಅದರ ಕೆಳಗೆ ಒಣಗುತ್ತಿದೆ. ನಾಳೆ ರಾತ್ರಿಗೆ ಮುಂಚೆ ಯಾರೂ ಎತ್ತಬಾರದು.