ವರ್ಜೀನಿಯಾದ ಹೊಗೆಸೊಪ್ಪಿನ ಊರಿಗೆ, ಹೆನ್ರಿಯೆಟ್ಟಾ ಅವರನ್ನು ನೋಡಲು

ನಮ್ಮ ಪಿರಿಯಾಪಟ್ಟಣದ ಕಡೆ ವರ್ಜೀನಿಯಾ ಅಂದರೆ ಹೊಗೆಸೊಪ್ಪು. ಅದು ಅಮೆರಿಕದ ಒಂದು ರಾಜ್ಯದ ಹೆಸರು ಅಂತ ನನಗೆ ಗೊತ್ತಾಗಿದ್ದು ಹೈಸ್ಕೂಲಿಗೆ ಬಂದ ಮೇಲೆ. 2025ರ ಆಗಸ್ಟ್‌ನಲ್ಲಿ ಆ ರಾಜ್ಯದ ಕ್ಲೋವರ್ ಅನ್ನೋ ಪುಟ್ಟ ಊರಿಗೆ ಹೋಗಿದ್ದೆ. ಅಲ್ಲೊಂದು ಸಮಾಧಿ ಇದೆ. ಅದನ್ನು ನೋಡೋದಕ್ಕೇ ಹೋಗಿದ್ದು.

ತಮ್ಮ ಮೇರಿಲ್ಯಾಂಡ್‌ನಲ್ಲಿದ್ದಾನೆ. ಬಾ ಬಾ ಅಂತ ಐದು ವರ್ಷದಿಂದ ಕರೀತಿದ್ದ. ಹೋದ ಮೇಲೆ "ಅಕ್ಕಾ, ನಯಾಗರಾ ನೋಡ್ತೀಯಾ, ನ್ಯೂಯಾರ್ಕ್ ನೋಡ್ತೀಯಾ?" ಅಂತ ಕೇಳಿದ. ಬಾಲ್ಟಿಮೋರ್‌ನ ಒಂದು ಆಸ್ಪತ್ರೆ, ಕ್ಲೋವರ್‌ನ ಒಂದು ಸಮಾಧಿ, ಇಷ್ಟು ತೋರಿಸು ಸಾಕು ಅಂದೆ. ಅವನು ಸ್ವಲ್ಪ ಹೊತ್ತು ನನ್ನ ಮುಖ ನೋಡಿದ. ಕೂರಿಸಿಕೊಂಡು ಕಥೆ ಹೇಳಿದೆ. ರಾತ್ರಿ ಬಹಳ ಹೊತ್ತಾಯಿತು. ಅವನ ಮಗಳಿಗೆ ಹನ್ನೊಂದು ವರ್ಷ, ಅವಳೂ ಮಲಗದೆ ಕೇಳಿಸಿಕೊಂಡು "ಅತ್ತೆ, ನಾನೂ ಬರ್ತೀನಿ" ಅಂದಳು.

ನನ್ನ ಮಟ್ಟಿಗೆ ಆ ಕಥೆ ಶುರುವಾಗಿದ್ದು 2004ರಲ್ಲಿ, ಮೈಸೂರಿನಲ್ಲಿ ಪಿಎಚ್‌ಡಿ ಮಾಡುವಾಗ. ಪುಣೆಯ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರದಿಂದ ನಮ್ಮ ಲ್ಯಾಬ್‌ಗೆ ಒಂದು ಫ್ಲಾಸ್ಕ್ ಬಂತು. ಅಂಗೈಯಗಲದ ಪ್ಲಾಸ್ಟಿಕ್ ಫ್ಲಾಸ್ಕ್, ಒಳಗೆ ಮೀಡಿಯಂ, ಅಂದರೆ ಕೋಶಗಳಿಗೆ ಊಟವಾಗೋ ಗುಲಾಬಿ ಬಣ್ಣದ ದ್ರವ. ಬರಿಗಣ್ಣಿಗೆ ಬೇರೇನೂ ಕಾಣಲ್ಲ. ಮೈಕ್ರೋಸ್ಕೋಪಿನ ಕೆಳಗಿಟ್ಟರೆ ತಳಕ್ಕೆ ಅಂಟಿ ಕೂತ ಜೀವಕೋಶಗಳು, ಒಂದಕ್ಕೊಂದು ಒತ್ತಿಕೊಂಡು, ಹಳೇ ಮನೆ ಅಂಗಳದ ಚಪ್ಪಡಿಗಳ ಹಾಗೆ. 37 ಡಿಗ್ರಿ ಇನ್‌ಕ್ಯುಬೇಟರ್‌ನಲ್ಲಿ ಇಟ್ಟು ಮರುದಿನ ನೋಡಿದರೆ ಎರಡರಷ್ಟಾಗಿರುತ್ತವೆ. ಒಂದೆರಡು ದಿನ ಜಾಸ್ತಿ ಬಿಟ್ಟರೆ ಗುಲಾಬಿ ಬಣ್ಣ ಹಳದಿಗೆ ತಿರುಗುತ್ತೆ, ಹಾಕಿದ ಊಟ ಮುಗೀತು, ಹೊಸದು ಹಾಕಬೇಕು ಅಂತ ಅರ್ಥ. ದಸರಾ ರಜೆಯಲ್ಲೂ ಹೋಗಿ ಮೀಡಿಯಂ ಬದಲಿಸಿ ಬರ್ತಿದ್ದೆ. ಫ್ಲಾಸ್ಕ್ ಮೇಲೆ ಮಾರ್ಕರ್‌ನಲ್ಲಿ ಹೀಲಾ ಅಂತ ಬರೆಯೋದು, ತಾರೀಖು ಹಾಕೋದು. ಯಾರು ಈ ಹೀಲಾ ಅಂತ ಹಳೇ ಪಠ್ಯಪುಸ್ತಕದಲ್ಲಿ ಹುಡುಕಿದರೆ ಹೆಲೆನ್ ಲೇನ್ ಅಂತಿತ್ತು. ವರ್ಷಗಟ್ಟಲೆ ಅದನ್ನೇ ನಂಬಿದ್ದೆ. ಆದರೆ ಆ ಹೆಸರೇ ಸುಳ್ಳು. ಆಕೆ ಹೆನ್ರಿಯೆಟ್ಟಾ ಲ್ಯಾಕ್ಸ್. ಐದು ಮಕ್ಕಳ ತಾಯಿ. ತೀರಿಕೊಂಡಾಗ 31 ವರ್ಷ. ಗರ್ಭಕೋಶದ ಬಾಯಿಯ ಕ್ಯಾನ್ಸರ್.

ನಮ್ಮ ದೊಡ್ಡಮ್ಮ ಹೋಗಿದ್ದೂ ಅದರಲ್ಲೇ, 1996ರಲ್ಲಿ. ಮುಟ್ಟು ನಿಂತು ಎರಡು ವರ್ಷ ಆದ ಮೇಲೂ ರಕ್ತ ಹೋಗ್ತಿತ್ತು. ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಕೊನೆಗೆ ಹೇಳಿದಾಗ ಹತ್ತಿರದ ಡಾಕ್ಟರೊಬ್ಬರು ಉಷ್ಣ ಅಂತ ವರ್ಷವಿಡೀ ಮಾತ್ರೆ ಕೊಟ್ಟರು. ಬೆಂಗಳೂರಿಗೆ ಕರೆದುಕೊಂಡು ಹೋಗುವ ಹೊತ್ತಿಗೆ ಮಾಡೋದಕ್ಕೆ ಏನೂ ಉಳಿದಿರಲಿಲ್ಲ. ದೊಡ್ಡಮ್ಮನನ್ನು ತಿಂದ ರೋಗಕ್ಕೇ ನಾನು ದಿನಾ ಊಟ ಹಾಕ್ತಿದ್ದೀನಲ್ಲ ಅಂತ ಲ್ಯಾಬ್‌ನಲ್ಲಿ ಒಂದು ದಿನ ಹೊಳೆದು, ಕೈಗವಸು ಬಿಚ್ಚಿಟ್ಟು ಹೊರಗೆ ಬಂದು ಮರದ ಕೆಳಗೆ ಸುಮ್ನೆ ನಿಂತಿದ್ದೆ.

ಮೊದಲ ದಿನ ಬಾಲ್ಟಿಮೋರ್. ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಹಳೇ ಕಟ್ಟಡಕ್ಕೆ ಕೆಂಪು ಇಟ್ಟಿಗೆ, ಮೇಲೊಂದು ಗುಮ್ಮಟ. ಆಸ್ಪತ್ರೆ ಶುರುವಾಗಿದ್ದು 1889ರಲ್ಲಿ. ಗುಮ್ಮಟದ ಕೆಳಗೆ ಹತ್ತೂವರೆ ಅಡಿ ಎತ್ತರದ ಯೇಸುವಿನ ಅಮೃತಶಿಲೆ ವಿಗ್ರಹ ಎರಡೂ ಕೈ ಚಾಚಿ ನಿಂತಿದೆ. ಬಂದವರು ಅದರ ಕಾಲ್ಬೆರಳು ಮುಟ್ಟಿ ಹೋಗ್ತಾರೆ. ಮುಟ್ಟಿ ಮುಟ್ಟಿ ಕಲ್ಲು ನಯವಾಗಿದೆ, ನಮ್ಮ ದೇವಸ್ಥಾನದ ಹೊಸ್ತಿಲ ಹಾಗೆ. ನಾವು ನಿಂತಿದ್ದಾಗ ಒಬ್ಬ ವಯಸ್ಸಾದ ಹೆಂಗಸು ಬಂದು, ಬೆರಳ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿ, ಏನೋ ಹೇಳಿಕೊಂಡು, ಬೇಗ ಬೇಗ ಲಿಫ್ಟ್ ಕಡೆ ಹೋದರು. ನಾನೂ ಮುಟ್ಟಿದೆ.

ಹೆನ್ರಿಯೆಟ್ಟಾ ಈ ಆಸ್ಪತ್ರೆಗೆ ಬಂದಿದ್ದು 1951ರ ಜನವರಿ ಕೊನೆಯಲ್ಲಿ. ಒಳಗೆ ಗಂಟಿದ್ದ ಹಾಗಿದೆ ಅಂತ ಮನೆಯ ಹೆಣ್ಣುಮಕ್ಕಳ ಹತ್ತಿರ ಹೇಳಿಕೊಂಡಿದ್ದರು. ಕಪ್ಪು ಜನರನ್ನು ನೋಡುವ ಆಸ್ಪತ್ರೆಗಳು ಆಗ ಸುತ್ತಮುತ್ತ ಕಮ್ಮಿ. ಇಲ್ಲಿ ನೋಡ್ತಿದ್ದರು, ಬೇರೆ ವಾರ್ಡ್‌ನಲ್ಲಿಟ್ಟು. ಗಂಟು ಸುಡೋಕೆ ರೇಡಿಯಂ ಇಡುವ ಮೊದಲು ಗಂಟಿನಿಂದ ಒಂದು ಚೂರು ತೆಗೆದರು. ಆಕೆಯನ್ನು ಕೇಳಲಿಲ್ಲ. ಆ ಕಾಲದಲ್ಲಿ ಕೇಳುವ ಪದ್ಧತಿಯೇ ಇರಲಿಲ್ಲ.

ಚೂರು ಜಾರ್ಜ್ ಗೈ ಅವರ ಲ್ಯಾಬ್‌ಗೆ ಹೋಯಿತು. ಮನುಷ್ಯರ ಜೀವಕೋಶಗಳನ್ನು ದೇಹದ ಹೊರಗೆ ಬದುಕಿಸಿಕೊಳ್ಳಬೇಕು ಅಂತ ಅವರು ವರ್ಷಗಳಿಂದ ಒದ್ದಾಡ್ತಿದ್ದರು. ಸಹಾಯಕಿ ಮೇರಿ ಕುಬಿಚೆಕ್ ಅದನ್ನು ಇನ್ನೂ ಸಣ್ಣಗೆ ಕತ್ತರಿಸಿ ಟ್ಯೂಬ್‌ಗಳಿಗೆ ಹಾಕಿ, ರೋಗಿಯ ಹೆಸರು, ಮನೆತನದ ಹೆಸರು ಎರಡರ ಮೊದಲ ಎರಡೆರಡು ಇಂಗ್ಲಿಷ್ ಅಕ್ಷರಗಳನ್ನು ಸೇರಿಸಿ ಹೀಲಾ ಅಂತ ಬರೆದರು. ಬೇರೆಯವರ ಕೋಶಗಳು ಬೇಗನೆ ಸತ್ತುಹೋಗ್ತಿದ್ದವು. ಇವು ಸಾಯಲಿಲ್ಲ, ಹೆಚ್ಚುಕಮ್ಮಿ ದಿನಕ್ಕೊಮ್ಮೆ ಎರಡರಷ್ಟಾಗ್ತಾ ಹೋದವು. ಅದೇ ವರ್ಷ ಅಕ್ಟೋಬರ್ 4ಕ್ಕೆ ಹೆನ್ರಿಯೆಟ್ಟಾ ತೀರಿಕೊಂಡರು. ಪೋಸ್ಟ್‌ಮಾರ್ಟಂ ಕೋಣೆಗೆ ಹೋದ ಮೇರಿಯ ಕಣ್ಣಿಗೆ ಬಿದ್ದಿದ್ದು ಕಾಲಿನ ಉಗುರುಗಳ ಕೆಂಪು ನೇಲ್ ಪಾಲಿಶ್, ಅಲ್ಲಲ್ಲಿ ಎದ್ದುಹೋಗಿತ್ತಂತೆ. ತಾವು ಬೆಳೆಸ್ತಿರೋದು ನಿಜವಾದ ಒಬ್ಬ ಹೆಂಗಸಿನ ಕೋಶಗಳು ಅಂತ ಮನಸ್ಸಿಗೆ ತಟ್ಟಿದ್ದೇ ಆಗ ಅಂತ ಆಕೆ ಎಷ್ಟೋ ವರ್ಷದ ಮೇಲೆ ಹೇಳಿಕೊಂಡಿದ್ದಾರೆ. ಅದನ್ನು ನಾನು ಓದಿದ್ದು 2011ರಲ್ಲಿ, ಹೀಲಾ ಅಂತ ಬರೆಯೋಕೆ ಶುರುಮಾಡಿ ಏಳು ವರ್ಷ ಆದ ಮೇಲೆ.

ಸಂಜೆ ಟರ್ನರ್ ಸ್ಟೇಷನ್ ಕಡೆ ಹೋದೆವು. ನೀರಿನ ಪಕ್ಕದ ಸಾಲುಮನೆಗಳ ಬಡಾವಣೆ ಅದು. ಹೆನ್ರಿಯೆಟ್ಟಾ ಸಂಸಾರ ಮಾಡಿದ್ದು ಇಲ್ಲೇ. ಗಂಡ ಡೇವಿಡ್‌ಗೆ ಸ್ಪ್ಯಾರೋಸ್ ಪಾಯಿಂಟ್‌ನ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ. ಕಾರ್ಖಾನೆ 2012ರಲ್ಲಿ ಮುಚ್ಚಿತು. ಹತ್ತಿರದ ಕೀ ಸೇತುವೆಯೂ ಈಗಿಲ್ಲ, 2024ರ ಮಾರ್ಚ್‌ನಲ್ಲಿ ಹಡಗು ಡಿಕ್ಕಿ ಹೊಡೆದು ಬಿತ್ತಲ್ಲ, ಅದೇ. ಅಮ್ಮನ ಕೋಶಗಳು ಇನ್ನೂ ಬದುಕಿವೆ ಅಂತ ಈ ಮನೆಯವರಿಗೆ ಗೊತ್ತಾಗಿದ್ದು 1973ರಲ್ಲಿ. ಇಪ್ಪತ್ತೆರಡು ವರ್ಷ ಆಗಿತ್ತು! ಅಷ್ಟರಲ್ಲಿ ಆ ಕೋಶಗಳು ದೇಶದೇಶಗಳ ಲ್ಯಾಬ್‌ಗಳಲ್ಲಿದ್ದವು, ಮಾರಾಟವೂ ಆಗ್ತಿದ್ದವು. 2013ರಲ್ಲಿ ಅವುಗಳ ಪೂರ್ತಿ ಜೀನೋಮನ್ನೂ, ಅಂದರೆ ಡಿಎನ್‌ಎಯಲ್ಲಿರೋ ಬರಹವನ್ನೆಲ್ಲ, ಮನೆಯವರನ್ನು ಕೇಳದೇ ಪ್ರಕಟಿಸಿದರು, ಆಕ್ಷೇಪ ಬಂದ ಮೇಲೆ ಅದನ್ನು ಯಾರು ನೋಡಬಹುದು ಅಂತ ತೀರ್ಮಾನಿಸುವ ಸಮಿತಿಯಲ್ಲಿ ಮನೆಯವರಿಗೂ ಜಾಗ ಕೊಟ್ಟರು. ಈ ಕೋಶಗಳಿಂದ ಲಾಭ ಮಾಡಿಕೊಂಡರು ಅಂತ ಮನೆಯವರು ಥರ್ಮೋ ಫಿಶರ್ ಕಂಪನಿಯ ಮೇಲೆ ಹಾಕಿದ ಕೇಸು ರಾಜಿಯಾಗಿದ್ದು 2023ರಲ್ಲಿ. ವಿಜ್ಞಾನ ನನ್ನ ಅನ್ನ, ಅದರ ಮೇಲೆ ನನಗೆ ಪ್ರೀತಿಯಿದೆ. ಆದರೂ ಇದು ತಪ್ಪು, ದೊಡ್ಡ ತಪ್ಪು. ಕೇಳಬಹುದಿತ್ತು, ಕನಿಷ್ಠ ಆಮೇಲಾದರೂ ಹೇಳಬಹುದಿತ್ತು, ಅಲ್ವಾ?

ಮರುದಿನ ಬೆಳಿಗ್ಗೆ ಆರಕ್ಕೇ ಕ್ಲೋವರ್‌ಗೆ ಹೊರಟೆವು. ನಾದಿನಿ ಪುಳಿಯೋಗರೆ, ಚಪಾತಿ, ಚಟ್ನಿಪುಡಿ ಕಟ್ಟಿಕೊಟ್ಟಿದ್ದಳು. ರಿಚ್ಮಂಡ್ ತನಕ ಬರೀ ಟ್ರಾಫಿಕ್. ಆಮೇಲೆ 360ನೇ ಹೆದ್ದಾರಿ ಹಿಡಿದ ಮೇಲೆ ದಾರಿಯುದ್ದಕ್ಕೂ ಕಾಡು, ಹೊಲ, ಚರ್ಚು.

ಹಿಂದಿನ ಸೀಟಿನಿಂದ ಪ್ರಶ್ನೆಗಳು ಶುರುವಾದವು. "ಅತ್ತೆ, ಬೇರೆಯವರ ಕೋಶ ಸಾಯುತ್ತೆ, ಅವರದ್ದು ಮಾತ್ರ ಯಾಕೆ ಸಾಯಲ್ಲ?" ಒಳ್ಳೇ ಪ್ರಶ್ನೆ, ಇದಕ್ಕೆ ಉತ್ತರ ಹುಡುಕುವುದರಲ್ಲೇ ಎಷ್ಟೋ ಜನರ ಜೀವಮಾನ ಹೋಗಿದೆ. ನಮ್ಮ ಮಾಮೂಲಿ ಕೋಶ ಲ್ಯಾಬ್‌ನಲ್ಲಿ ಸುಮಾರು ಐವತ್ತು ಸಲ ಒಡೆದು ಎರಡಾಗಿ ಆಮೇಲೆ ನಿಂತುಬಿಡುತ್ತೆ. ಪ್ರತಿ ಸಲ ಒಡೆದಾಗಲೂ ಕ್ರೋಮೋಸೋಮಿನ ತುದಿ ಬಳಪ ಸವೆದ ಹಾಗೆ ಒಂದಿಷ್ಟು ಸವೆಯುತ್ತೆ. ಹೀಲಾ ಕೋಶಗಳಲ್ಲಿ ಆ ತುದಿಯನ್ನು ಮತ್ತೆ ಮತ್ತೆ ತುಂಬಿಕೊಡುವ ಟೆಲೊಮರೇಸ್ ಅನ್ನೋ ಕಿಣ್ವ ಕೆಲಸ ಮಾಡ್ತಾನೇ ಇರುತ್ತೆ. ಮನುಷ್ಯರಲ್ಲಿ ಅದು ಮೊದಲು ಸಿಕ್ಕಿದ್ದೇ 1989ರಲ್ಲಿ ಹೀಲಾ ಕೋಶಗಳಲ್ಲಿ. ಈಗ ಬಹುಪಾಲು ಕ್ಯಾನ್ಸರ್‌ಗಳಲ್ಲಿ ಅದೇ ಕಿಣ್ವ ಕಾಣುತ್ತೆ.

"ಮತ್ತೆ ಕ್ಯಾನ್ಸರ್ ಯಾಕೆ ಬಂತು?" ಈ ಭಾಗ ನನಗೆ ಯಾವಾಗಲೂ ಮೈ ಜುಮ್ ಅನ್ನಿಸುತ್ತೆ. ಜರ್ಮನಿಯ ಹೆರಾಲ್ಡ್ ತ್ಸುರ್ ಹೌಸೆನ್ ಅವರು 1983–84ರಲ್ಲಿ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಗಡ್ಡೆಗಳಲ್ಲಿ ಎಚ್‌ಪಿವಿ ಅನ್ನೋ ವೈರಸ್‌ನ 16 ಮತ್ತು 18ನೇ ಬಗೆಗಳನ್ನು ಪತ್ತೆ ಮಾಡಿದರು. ಹೀಲಾ ಕೋಶಗಳನ್ನು ನೋಡಿದರೆ ಅವುಗಳ ಡಿಎನ್‌ಎಯಲ್ಲೂ 18ನೇ ಬಗೆ ಸೇರಿಕೊಂಡು ಕೂತಿತ್ತು. ಹೆನ್ರಿಯೆಟ್ಟಾ ಸತ್ತು ಮೂವತ್ತು ವರ್ಷ ದಾಟಿತ್ತು, ಆಕೆಗೆ ಆ ರೋಗ ಯಾಕೆ ಬಂತು ಅಂತ ಆಗ ಗೊತ್ತಾಯಿತು. ಕೆಟ್ಟುಹೋದ ಕೋಶ ಒಡೆಯದಂತೆ ತಡೆಯೋಕೆ ನಮ್ಮೊಳಗೆ ಪಿ53 ಅನ್ನೋ ಕಾವಲುಗಾರ ಪ್ರೋಟೀನ್ ಇದೆ. ವೈರಸ್‌ನ ಇ6 ಅನ್ನೋ ಪ್ರೋಟೀನ್ ಅದನ್ನು ನಾಶ ಮಾಡುತ್ತೆ, ಇ7 ಇನ್ನೊಬ್ಬ ಕಾವಲುಗಾರನನ್ನು ಕಟ್ಟಿಹಾಕುತ್ತೆ. 2000ದಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು ಹೀಲಾ ಕೋಶಗಳಲ್ಲಿ ಇ6, ಇ7 ಎರಡೂ ಕೆಲಸ ಮಾಡದ ಹಾಗೆ ತಡೆದು ನೋಡಿದರು. ಅರ್ಧ ಶತಮಾನ ಒಂದೇ ಸಮ ಬೆಳೆದ ಕೋಶಗಳು ನಿಂತುಬಿಟ್ಟವು! ಕಾವಲುಗಾರರು ಸತ್ತಿರಲಿಲ್ಲ, ಅವರ ಮೇಲೆ ಕೂತವನು ಎದ್ದ ತಕ್ಷಣ ಕೆಲಸಕ್ಕೆ ಬಂದರು. ತ್ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ಅವರು ತೋರಿಸಿದ ದಾರಿಯಲ್ಲೇ ಲಸಿಕೆ ಬಂತು, 2006ರಲ್ಲಿ ಅಮೆರಿಕದಲ್ಲಿ, 2023ರ ಹೊತ್ತಿಗೆ ಪುಣೆಯಲ್ಲೇ ತಯಾರಾದ ಸರ್ವಾವ್ಯಾಕ್.

ಪೋಲಿಯೋ ವಿಷಯ ತಮ್ಮನಿಗೆ ಗೊತ್ತಿತ್ತು. ಲಸಿಕೆ ಹಾಕಿದವರ ರಕ್ತ ವೈರಸ್ಸನ್ನು ತಡೆಯುತ್ತಾ ಅಂತ ಪರೀಕ್ಷಿಸೋಕೆ ರಾಶಿ ರಾಶಿ ಕೋಶ ಬೇಕಿತ್ತು, ಅಲಬಾಮಾದ ಟಸ್ಕೀಗಿಯಲ್ಲಿ ಕಪ್ಪು ವಿಜ್ಞಾನಿಗಳು, ತಂತ್ರಜ್ಞರು ಸೇರಿ 1953ರಿಂದ ಹೀಲಾ ಬೆಳೆಸಿ ಕಳಿಸಿದರು. 2020ರಲ್ಲಿ ಕೊರೊನಾ ವೈರಸ್ ಒಳಗೆ ನುಗ್ಗುವ ಬಾಗಿಲು ಎಸಿಇ2 ಅಂತ ತೋರಿಸಿದ್ದೂ ಹೀಲಾ ಕೋಶಗಳಿಗೆ ಆ ಬಾಗಿಲು ಇಟ್ಟು ನೋಡಿಯೇ. ಹಾಗಂತ ಹೀಲಾ ಹೇಳಿದ್ದೆಲ್ಲ ವೇದವಾಕ್ಯ ಅಲ್ಲ. ನಮಗೆ 46 ಕ್ರೋಮೋಸೋಮ್, ಅವುಗಳಿಗೆ 76ರಿಂದ 80. ಬೇರೆ ಫ್ಲಾಸ್ಕ್‌ಗೆ ಒಂದು ಹನಿ ಬಿದ್ದರೂ ಅಲ್ಲಿರೋದನ್ನು ಹಿಂದೆ ಹಾಕಿ ತಾವೇ ತುಂಬಿಕೊಳ್ತವೆ. ಬೇರೆ ಬೇರೆ ಜನರದ್ದು ಅಂತ ತಿಳಿದಿದ್ದ ಎಷ್ಟೋ ಕೋಶಗಳು ಹೀಲಾನೇ ಇರಬೇಕು ಅಂತ 1966ರಲ್ಲಿ ಸ್ಟ್ಯಾನ್ಲಿ ಗಾರ್ಟ್ಲರ್ ಹೇಳಿದಾಗ ಆ ಕ್ಷೇತ್ರದವರಿಗೆಲ್ಲ ನಿದ್ದೆ ಹಾರಿಹೋಗಿತ್ತು.

ಹ್ಯಾಲಿಫ್ಯಾಕ್ಸ್ ಕೌಂಟಿಯಲ್ಲಿ ರಸ್ತೆ ಪಕ್ಕ ಎಲೆ ನೋಡಿದ ತಕ್ಷಣ "ನಿಲ್ಲಿಸೋ" ಅಂದೆ. ಹೊಗೆಸೊಪ್ಪು! ಕೆಳಗಿನ ಎಲೆಗಳು ಆಗಲೇ ಹಳದಿಗೆ ತಿರುಗಿದ್ದವು. ಬೇಲಿ ಪಕ್ಕ ಬಿದ್ದಿದ್ದ ಒಂದೆಲೆಯನ್ನು ಸೊಸೆಯ ಕೈಗೆ ಕೊಟ್ಟೆ. ಉಜ್ಜಿದಳು, ಬೆರಳೆಲ್ಲ ಅಂಟು. ಅದು ಗಾಳಿಗೆ ಕಪ್ಪಾಗುತ್ತೆ, ಸೋಪು ಹಾಕಿದರೂ ಬೇಗ ಹೋಗಲ್ಲ. ನಮ್ಮ ದೊಡ್ಡಮ್ಮನ ಕೈ ಸುಗ್ಗಿಯುದ್ದಕ್ಕೂ ಹಾಗೇ ಇರ್ತಿತ್ತು, ಸೊಪ್ಪು ಒಣಗಿಸೋ ಬ್ಯಾರನ್ ಮುಂದೆ ಕೂತು ಕಡ್ಡಿಗೆ ಎಲೆ ಕಟ್ಟಿ ಕಟ್ಟಿ. ಅನ್ನ ಕಲಸುವಾಗ ಕಹಿ ಅಂತ ಚಮಚ ಹಿಡಿದು ಊಟ ಮಾಡೋರು. ಹೆನ್ರಿಯೆಟ್ಟಾ ಅವರದ್ದೂ ಇದೇ ಬೆಳೆ. 1924ರಲ್ಲಿ ತಾಯಿ ಸತ್ತ ಮೇಲೆ ನಾಲ್ಕು ವರ್ಷದ ಮಗುವನ್ನು ಕ್ಲೋವರ್‌ನ ಅಜ್ಜನ ಮನೆಗೆ ಕರೆತಂದರು. ಹಿಂದೆ ಗುಲಾಮರನ್ನು ಇಟ್ಟಿದ್ದ ಮರದ ಮನೆ ಅದು. ಅಲ್ಲಿಂದ ಹೊಗೆಸೊಪ್ಪಿನ ಹೊಲದಲ್ಲೇ ದುಡಿದು ದೊಡ್ಡವರಾದರು.

ಕ್ಲೋವರ್ ಊರು ಬಂದಿದ್ದೂ ಗೊತ್ತಾಗಲಿಲ್ಲ, ದಾಟಿದ್ದೂ ಗೊತ್ತಾಗಲಿಲ್ಲ. ತಿರುಗಿ ಬಂದು, ಒಂದು ಮನೆಯವರನ್ನು ಕೇಳಿ ಸಮಾಧಿಗಳ ಜಾಗಕ್ಕೆ ಹೋದೆವು. ಸೆಖೆ, ಜೀರುಂಡೆ ಸದ್ದು. ಸುಮಾರು ಅರುವತ್ತು ವರ್ಷ ಆಕೆಯ ಸಮಾಧಿಗೆ ಒಂದು ಕಲ್ಲೂ ಇರಲಿಲ್ಲ. ಆಕೆಯ ತಾಯಿಯ ಸಮಾಧಿ ಕಲ್ಲಿನ ಹತ್ತಿರ ಎಲ್ಲೋ ಇರಬೇಕು ಅಂತ ಮನೆಯವರ ಅಂದಾಜು. 2010ರಲ್ಲಿ ರೋಲಂಡ್ ಪಟಿಲ್ಲೊ ಅನ್ನೋ ವೈದ್ಯರು ಕಲ್ಲು ಕೊಡಿಸಿದರು. ಪುಸ್ತಕದ ಆಕಾರದ ಕಲ್ಲು. ಮೊಮ್ಮಕ್ಕಳು ಬರೆದ ಮಾತನ್ನು ಅದರ ಮೇಲೆ ಕೆತ್ತಿದ್ದಾರೆ. ಸೊಸೆ ಇಂಗ್ಲಿಷಿನಲ್ಲಿ ಜೋರಾಗಿ ಓದಿದಳು, ನಾನು ಕನ್ನಡದಲ್ಲಿ ಹೇಳಿಕೊಂಡೆ: ಆಕೆಯ ಸಾವಿಲ್ಲದ ಜೀವಕೋಶಗಳು ಮನುಕುಲಕ್ಕೆ ಎಂದೆಂದಿಗೂ ನೆರವಾಗುತ್ತವೆ. ಹಿರಿಮಗಳು ಎಲ್ಸಿಗೂ ಅದೇ ದಿನ ಕಲ್ಲು ನೆಟ್ಟರಂತೆ.

ಮೈಸೂರಿನಿಂದಲೇ ಎರಡು ಜೊತೆ ಕೆಂಪು ಗಾಜಿನ ಬಳೆ ತಂದಿದ್ದೆ, ಒಂದು ಆಕೆಗೆ, ಒಂದು ದೊಡ್ಡಮ್ಮನ ಹೆಸರಲ್ಲಿ. ಕಾಗದ ಬಿಚ್ಚಿ ಕಲ್ಲಿನ ಬುಡದಲ್ಲಿಟ್ಟೆ. ಉಗುರಿಗೆ ಕೆಂಪು ಹಚ್ಚಿಕೊಳ್ತಿದ್ದ ಹೆಂಗಸು, ಇಷ್ಟ ಆಗಬಹುದು ಅನ್ನಿಸಿತು. ನಿಮ್ಮ ಕೋಶಗಳನ್ನು ಜೋಪಾನವಾಗಿ ನೋಡಿಕೊಂಡಿದ್ದೀನಿ ಅಂತ ಹೇಳಬೇಕು ಅಂದುಕೊಂಡು ಹೋಗಿದ್ದೆ. ಗಂಟಲು ಕಟ್ಟಿತು, ಹೇಳೋಕೆ ಆಗಲಿಲ್ಲ.

ಅಲ್ಲೇ ಮರದ ನೆರಳಲ್ಲಿ ಕಾರಿನ ಬಾಗಿಲು ತೆಗೆದಿಟ್ಟುಕೊಂಡು ಪುಳಿಯೋಗರೆ ತಿಂದೆವು. "ಆ ಲಸಿಕೆ ನಂಗೂ ಬೇಕಲ್ವಾ ಅತ್ತೆ? ಎಷ್ಟು ಚುಚ್ಚಿಸ್ಕೋಬೇಕು?" ಅಂತ ಕೇಳಿದಳು. ನಿನ್ನ ವಯಸ್ಸಿಗೆ ಎರಡು ಸಾಕು, ಮಧ್ಯೆ ಆರು ತಿಂಗಳು ಬಿಡಬೇಕು ಅಂದೆ. ಸೋಮವಾರ ತಮ್ಮ ಮಕ್ಕಳ ಡಾಕ್ಟರಿಗೆ ಫೋನ್ ಮಾಡಿದ. ಗುರುವಾರ ನಾಲ್ಕೂವರೆಗೆ ಟೈಮ್ ಕೊಟ್ಟರು. ನಾನೇ ಜೊತೆಗೆ ಹೋಗಿದ್ದೆ.