ಕೊನೆಗೂ ತಿಂದಿತು ಮಾರಾಯರೇ

ನಿನ್ನೆ ರಾತ್ರಿ ನಮ್ಮ ಹಾವಿನ ಮರಿ ತಿಂದಿತು. ಹಾವು ಸಾಕಿದವರಿಗೆ ಇಷ್ಟು ಹೇಳಿದರೆ ಸಾಕು, ಮಿಕ್ಕಿದ್ದು ಅವರೇ ಊಹಿಸಿಕೊಳ್ಳುತ್ತಾರೆ. ಉಳಿದವರು ಅದರಲ್ಲೇನು ದೊಡ್ಡ ವಿಷಯ ಅಂತೀರಿ. ದೊಡ್ಡ ವಿಷಯವೇ. ನಾನು ಈ ವಾರ ಸರಿಯಾಗಿ ನಿದ್ದೆ ಮಾಡಿಲ್ಲ.

ಮರಿ ಕಾರ್ನ್ ಸ್ನೇಕ್. ವಿಷವಿಲ್ಲ, ಪೆನ್ಸಿಲ್‌ನಷ್ಟು ದಪ್ಪ. ದೊಡ್ಡದಾದ ಮೇಲೆ ಕಿತ್ತಳೆ ಬಣ್ಣ ಏರುತ್ತದೆ, ಈಗ ಮಾತ್ರ ಸ್ವಲ್ಪ ಮಂಕು. ತಂದ ಕೂಡಲೇ ಊಟ ಕೊಡಬಾರದು, ಒಂದು ವಾರ ಮುಟ್ಟಲೂ ಬಾರದು, ಹೊಸ ಜಾಗಕ್ಕೆ ಹೊಂದಿಕೊಳ್ಳಲಿ ಅಂತ ಗೊತ್ತಿತ್ತು. ಹಾಗೇ ಬಿಟ್ಟೆ. ಆಮೇಲೆ ಪಿಂಕಿ ತೆಗೆದೆ. ಪಿಂಕಿ ಅಂದರೆ ಆಗಷ್ಟೇ ಹುಟ್ಟಿದ, ಕೂದಲು ಕೂಡ ಬಾರದ ಇಲಿಮರಿ. ಸತ್ತದ್ದೇ ಸಿಗುತ್ತದೆ, ಫ್ರೀಜರ್‌ನಲ್ಲಿ ಇಟ್ಟುಕೊಳ್ಳಬೇಕು. ಕವರಿನಲ್ಲಿ ಹಾಕಿ ಬೆಚ್ಚಗಿನ ನೀರಲ್ಲಿ ಕರಗಿಸಿ, ಒಳಗೆಲ್ಲೂ ತಣ್ಣಗಿಲ್ಲ ಅಂತ ನೋಡಿ, ಒರೆಸಿ, ಚಿಮಟದಲ್ಲಿ ಹಿಡಿದು ಅದರ ಮುಂದೆ ಮೆಲ್ಲಗೆ ಆಡಿಸಿದೆ. ನಾಲಿಗೆ ಹೊರಗೆ ಬಂತು. ಇನ್ನೊಮ್ಮೆ ಬಂತು. ಆಮೇಲೆ ತಲೆಯನ್ನು ಹಿಂದಕ್ಕೆ ಎಳೆದುಕೊಂಡು, ನನ್ನನ್ನೂ ಪಿಂಕಿಯನ್ನೂ ಅಲ್ಲೇ ಬಿಟ್ಟು, ಅಡಗಿ ಕೂರೋಕೆ ಅಂತ ಪೆಟ್ಟಿಗೆಯಲ್ಲಿ ಇಟ್ಟ ಮರದ ತೊಗಟೆಯ ಕೆಳಗೆ ಹೋಗಿಬಿಟ್ಟಿತು.

ಕೆಲವು ದಿನ ಬಿಟ್ಟು ಮತ್ತೆ ಕೊಟ್ಟಾಗಲೂ ಇದೇ ಕಥೆ. ಮರಿ ಕೊಟ್ಟವರಿಗೆ ಫೋನ್ ಮಾಡಿದೆ.

"ತಿಂತಾ ಇಲ್ಲ."

"ತೂಕ ಇಳಿದಿದೆಯಾ?"

"ಅಷ್ಟೇನಿಲ್ಲ."

"ನೀರಿದೆಯಾ? ಶಾಖ ಸರಿ ಇದೆಯಾ?"

"ಎರಡೂ ಇದೆ."

"ಮತ್ತೇನು? ಆತುರ ನಿಮಗೆ. ಅದಕ್ಕಲ್ಲ."

ಫೋನ್ ಇಟ್ಟೇಬಿಟ್ಟರು.

ಆ ಮನುಷ್ಯನ ಮಾತೇ ಹಾಗೆ. ಹಾವುಗಳ ಜೊತೆ ಇದ್ದೂ ಇದ್ದೂ ಮನುಷ್ಯರ ಜೊತೆ ಮಾತಾಡೋದು ಮರೆತಿದ್ದಾರೆ ಅಂತ ನನಗೆ ಅನುಮಾನ. ಇನ್ನೊಂದು ಅರ್ಧ ನಿಮಿಷ ಮಾತಾಡಿದ್ದರೆ ಗಂಟೇನು ಹೋಗ್ತಿತ್ತು? ಆದರೆ ಹೇಳಿದ್ದರಲ್ಲಿ ತಪ್ಪಿರಲಿಲ್ಲ, ಅದೇ ನನಗೆ ಜಾಸ್ತಿ ಉರಿದದ್ದು. ಹಾವು ನಮ್ಮ ಹಾಗೆ ತಿಂದದ್ದನ್ನು ಸುಟ್ಟು ಮೈ ಬಿಸಿ ಇಟ್ಟುಕೊಳ್ಳುವ ಪ್ರಾಣಿಯಲ್ಲ. ಶಾಖ ಹೊರಗಿನಿಂದ ತಗೊಳ್ಳುತ್ತದೆ. ಅದಕ್ಕೇ ಪೆಟ್ಟಿಗೆಯ ಒಂದು ಬದಿ 30 ಡಿಗ್ರಿ ಆಸುಪಾಸು, ಇನ್ನೊಂದು ಬದಿ 24ರ ಹತ್ತಿರ ಇಡೋದು. ಹೊಟ್ಟೆ ತುಂಬಿದಾಗ ಬೆಚ್ಚಗಿನ ಕಡೆ ಹೋಗಿ ಅರಗಿಸಿಕೊಳ್ಳುತ್ತದೆ, ಬೇಡವೆನಿಸಿದರೆ ತಣ್ಣಗಿನ ಕಡೆ ಬರುತ್ತದೆ. ಮರಿಗೆ ವಾರಕ್ಕೊಂದು ಪಿಂಕಿ ಸಾಕು. ಆರೋಗ್ಯ ಚೆನ್ನಾಗಿದ್ದರೆ ಎರಡು ಊಟ ತಪ್ಪಿದ್ದಕ್ಕೆ ಏನೂ ಆಗಲ್ಲ. ಇದೆಲ್ಲ ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ರಾತ್ರಿ ಎದ್ದು ಟಾರ್ಚ್ ಹಿಡಿದು ನೋಡುತ್ತಿದ್ದೆ.

ಇದರ ನಡುವೆ ಅಕ್ಕ ಬಂದಳು, ಮಗನ ಜೊತೆ. ಐಸ್ ತೆಗೆಯೋಕೆ ಅಂತ ಫ್ರೀಜರ್ ತೆರೆದವಳು ಡಬ್ಬಿ ನೋಡಿ ಕಿರುಚಿದ್ದು ಬೇರೆ ವಿಷಯ. ಆಮೇಲೆ ಮಗುವಿನ ಹಿಂದೆ ಚಮಚ ಹಿಡಿದು ಮನೆಯೆಲ್ಲ ಓಡಾಡಿದಳು. ಸೋಫಾ ಹಿಂದೆ, ಮೇಜಿನ ಕೆಳಗೆ, ಒಂದೇ ಒಂದು ತುತ್ತು ಅಂತ. ಅವನು ತುಟಿ ಬಿಗಿ ಮಾಡಿ ಮುಖ ತಿರುಗಿಸಿದ. ನನ್ನ ಬಾಯಿಗೆ ಆ ಮಾತು ಬಂದೇಬಿಟ್ಟಿತು. "ಆತುರ ನಿಂಗೆ. ಅವನಿಗಲ್ಲ." ಅಕ್ಕ ಚಮಚ ಕೆಳಗಿಟ್ಟು ನನ್ನನ್ನು ನೋಡಿದ ನೋಟ ಇದೆಯಲ್ಲ, ಅದನ್ನು ಮರೆಯೋಕೆ ನನಗೆ ಸಮಯ ಬೇಕು. "ನಿನ್ನ ಹುಳ ತಿಂದಿಲ್ಲ ಅಂತ ರಾತ್ರಿಯೆಲ್ಲ ನನಗೆ ಮೆಸೇಜ್ ಮಾಡಿದ್ದು ಯಾರು?" ಅಂದಳು. ಹಾವನ್ನು ಹುಳ ಅಂದದ್ದಕ್ಕೆ ನನಗೆ ಸ್ವಲ್ಪ ಕೋಪ ಬಂತು, ಪ್ರಶ್ನೆಗೆ ಮಾತ್ರ ಉತ್ತರ ಬರಲಿಲ್ಲ.

ಆಮೇಲೆ ಇದನ್ನೇ ಯೋಚಿಸುತ್ತಿದ್ದೆ. ನಾಯಿಗೆ ಒಂದು ದಿನ ಊಟ ಸೇರದಿದ್ದರೂ ಬಾಲ ಆಡಿಸುತ್ತದೆ, ಕಾಲ ಬಳಿ ಬಂದು ಮಲಗುತ್ತದೆ, ನೀನು ಬೇಕು ಅಂತ ಹೇಗೋ ತಿಳಿಸುತ್ತದೆ. ಹಾವು ಏನನ್ನೂ ತಿಳಿಸುವುದಿಲ್ಲ. ಗುರುತು ಹಿಡಿದಂತೆ, ಮುನಿಸಿಕೊಂಡಂತೆ ನಮಗೆ ಕಾಣುವುದೆಲ್ಲ ಬಹುಪಾಲು ನಮ್ಮ ಕಲ್ಪನೆ. ನಾನು ಅದನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದೇನೋ ಇಲ್ಲವೋ ಅಂತ ಅದರಿಂದ ಬರುವ ಉತ್ತರ ಒಂದೇ: ತಿಂತು, ಅಥವಾ ತಿನ್ನಲಿಲ್ಲ. ಹಾಗಾಗಿ ಇದನ್ನು ಸಾಕುವವರೆಲ್ಲ ದಿನಾಂಕ, ತೂಕ, ಪಿಂಕಿ ಎಷ್ಟು ದೊಡ್ಡದು ಅಂತ ಪುಸ್ತಕದಲ್ಲಿ ಬರೆದಿಡುತ್ತಾರೆ. ಬರೆಯೋದು ಹಾವಿನ ಒಳ್ಳೆಯದಕ್ಕೇ, ಸರಿ. ಆದರೆ ನನ್ನ ಪುಸ್ತಕದಲ್ಲಿ 'ಬೇಡ ಅಂತು' ಅಂತ ಬರೆದಾಗಲೆಲ್ಲ ನನಗೇ ಕಡಿಮೆ ಅಂಕ ಬಂದ ಹಾಗಾಗುತ್ತಿತ್ತು. ಈ ಆತುರದಲ್ಲೇ ಕೆಲವರು ಎರಡನೇ ವಾರಕ್ಕೇ ಬಾಯಿ ತೆರೆಸಿ ತುರುಕೋಕೆ ಹೋಗುತ್ತಾರೆ. ಅದು ಎಲ್ಲ ದಾರಿ ಮುಚ್ಚಿದ ಮೇಲೆ, ಗೊತ್ತಿದ್ದವರು ಮಾಡುವ ಕೆಲಸ. ಇನ್ನು ಕೆಲವರು ಬೆಳೆದ ಇಲಿಯನ್ನು ಜೀವಂತ ಬಿಟ್ಟು ಬಾಗಿಲು ಹಾಕುತ್ತಾರೆ. ಇಲಿ ತಿರುಗಿ ಹಾವನ್ನೇ ಕಚ್ಚುತ್ತದೆ, ಗಾಯ ಸಣ್ಣದಲ್ಲ.

ನಿನ್ನೆ ದೀಪ ಆರಿಸಿ, ಪಿಂಕಿಯನ್ನು ತೊಗಟೆಯ ಬಾಯಲ್ಲಿ ಹಿಡಿದು ಕೈ ಅಲ್ಲಾಡಿಸದೆ ಕೂತೆ. ತೋಳು ಜೋಮು ಹಿಡಿದಿತ್ತು. ಮೂಗು ಹೊರಗೆ ಬಂತು, ನಾಲಿಗೆ ಬೇಗ ಬೇಗ ಆಡಿತು, ಆಮೇಲೆ ನಿಂತಿತು. ಚಿಮಟ ಸಣ್ಣಗೆ ಎಳೆದಂತಾಯಿತು. ಅಷ್ಟೇ. ಸತ್ತ ಇಲಿಯನ್ನೇ ಒಂದು ಸುತ್ತು ಬಿಗಿದು ಹಿಡಿದುಕೊಂಡಿತು, ಓಡಿಹೋಗುತ್ತದೇನೋ ಅನ್ನುವ ಹಾಗೆ. ಸುತ್ತು ಬಿಟ್ಟು ತಲೆ ಎಲ್ಲಿದೆ ಅಂತ ಹುಡುಕಿ ಅಲ್ಲಿಂದ ಶುರು ಮಾಡಿತು. ಹಾವು ದವಡೆ ಕಳಚಿಕೊಂಡು ನುಂಗುತ್ತದೆ ಅಂತ ಹೇಳುವವರಿದ್ದಾರೆ. ಕಳಚುವುದಿಲ್ಲ. ಕೆಳದವಡೆಯ ಎರಡು ಭಾಗ ಮುಂದುಗಡೆ ಅಂಟಿಕೊಂಡಿಲ್ಲ, ಬೇರೆ ಬೇರೆ ಆಡುತ್ತವೆ. ಎಡಗಡೆ ಒಂದಿಷ್ಟು ಮುಂದೆ, ಆಮೇಲೆ ಬಲಗಡೆ ಒಂದಿಷ್ಟು. ಇಲಿ ಒಳಗೆ ಬಂತು ಅನ್ನೋದಕ್ಕಿಂತ ಹಾವೇ ಇಲಿಯ ಮೇಲೆ ನಡೆದುಕೊಂಡು ಹೋಯಿತು ಅನ್ನಬೇಕು. ಬಾಯಿ ತುಂಬಿದ್ದಾಗ ಉಸಿರಾಡೋಕೆ ಶ್ವಾಸನಾಳದ ಬಾಯನ್ನು ಮುಂದಕ್ಕೆ ಚಾಚುತ್ತದೆ. ಅದನ್ನು ನೋಡೋಕೆ ಕತ್ತು ಉದ್ದ ಮಾಡಿದೆ, ಕತ್ತಲಲ್ಲಿ ಕಾಣಲಿಲ್ಲ. ಕೊನೆಗೆ ಸಣ್ಣ ಗುಲಾಬಿ ಬಾಲ ಒಳಗೆ ಹೋಯಿತು. ದೊಡ್ಡದಾಗಿ ಎರಡು ಸಲ ಆಕಳಿಸಿ ದವಡೆ ಸರಿ ಮಾಡಿಕೊಂಡಿತು.

ಇನ್ನು ಎರಡು ದಿನ ಎತ್ತಿಕೊಳ್ಳುವಂತಿಲ್ಲ, ಎತ್ತಿದರೆ ಎಲ್ಲ ವಾಂತಿ ಮಾಡಿಬಿಡಬಹುದು. ಅಕ್ಕನಿಗೆ ಅರ್ಧರಾತ್ರಿಯೇ ಮೆಸೇಜ್ ಹಾಕಿದೆ. "ಇಲ್ಲಿ ಇನ್ನೂ ಒಂದು ತುತ್ತೂ ಇಳಿದಿಲ್ಲ" ಅಂತ ಉತ್ತರ ಬಂತು. ಮರಿ ಕೊಟ್ಟವರಿಗೆ ಇನ್ನೂ ಹೇಳಿಲ್ಲ. ಅವರಾಗಿ ಕೇಳಿದರೆ ಹೇಳಿದರಾಯಿತು. ಕೇಳುವ ಜಾತಿಯಲ್ಲ ಬಿಡಿ.