ಎಂಟು ಸೆಂಟ್ ಮಳೆ ಮತ್ತು ನಮ್ಮ ಕೋಡ್ ರಿವ್ಯೂ

ಮಾರ್ಚ್‌ನಲ್ಲಿ ಒಂದು ಬೆಳಿಗ್ಗೆ ಪಕ್ಕದ ತೋಟದ ರೈಟರ್ (ಲೆಕ್ಕ ಬರೆಯುವವರು) ಫೋನ್ ಮಾಡಿದರು. "ಅಣ್ಣ, ಇದೆಂಥ ಲೆಕ್ಕ? ನಮ್ಮಲ್ಲಿ ಬಿದ್ದಿದ್ದು ಎಂಟು ಸೆಂಟ್. ನಿಮ್ಮ ಆ್ಯಪ್ ಎಂಬತ್ತು ತೋರಿಸ್ತಿದೆ."

ಕೊಡಗಿನ ನಾಪೋಕ್ಲು ಸುತ್ತಮುತ್ತಲ ಕಾಫಿ ತೋಟಗಳ ಮಳೆ ಲೆಕ್ಕ ಬರೆದಿಡಲು ನಾವು ಐದು ಜನ ಬಿಡುವಿನಲ್ಲಿ ಕಟ್ಟುತ್ತಿರುವ ಓಪನ್ ಸೋರ್ಸ್ ಆ್ಯಪ್ ಅದು, ಕೋಡ್ ಯಾರು ಬೇಕಾದರೂ ನೋಡಿ ತಿದ್ದಿ ಕಳಿಸಬಹುದು. ಒಂದು ಇಂಚಿಗೆ ನೂರು ಸೆಂಟ್. ಕಾಫಿ ಹೂ ಅರಳಿಸುವ ಹೂಮಳೆ ಸಮಯದಲ್ಲಿ ಈ ತಪ್ಪು ಸಣ್ಣದಲ್ಲ. ಎಂಬತ್ತು ಸೆಂಟ್ ಬಿದ್ದರೆ ಹೂವಿಗೆ ಹೆಚ್ಚುಕಡಿಮೆ ಸಾಕು. ಎಂಟೇ ಸೆಂಟ್ ಆದರೆ ಮೊಗ್ಗು ಕೆಡುವ ಭಯ, ತಕ್ಷಣ ಸ್ಪ್ರಿಂಕ್ಲರ್ ಹಾಕಬೇಕು.

ಕೋಡ್ ತೆಗೆದು ನೋಡಿದೆ. ಇಂಚಿಗೊಂದು, ಸೆಂಟಿಗೊಂದು ಖಾನೆ. ಎರಡರ ನಡುವೆ ಸುಮ್ನೆ ಒಂದು ಚುಕ್ಕಿ ಇಟ್ಟು ಜೋಡಿಸಿದ್ದರು. 25 ಹಾಕಿದರೆ 0.25, ಸರಿ. 8 ಹಾಕಿದರೆ 0.08 ಆಗಬೇಕಾದ್ದು 0.8. ಈ ಕೋಡ್ ಕಳಿಸಿದವರನ್ನು ದೂರುವಂತಿಲ್ಲ. ಓದದೆ ಮರ್ಜ್ ಮಾಡಿದ್ದು, ಅಂದರೆ ಆ್ಯಪ್‌ಗೆ ಸೇರಿಸಿದ್ದು, ನಾನು.

ಅದಕ್ಕೆ ಹಿಂದಿನ ಜುಲೈ ಕಾರಣ. ಆಗ ಪ್ರತಿ ಬದಲಾವಣೆಗೂ ಇಬ್ಬರ ಒಪ್ಪಿಗೆ ಬೇಕಿತ್ತು. ಮಳೆಗೆ ಮರ ಬಿದ್ದು ಕರೆಂಟ್ ಹೋದರೆ ನಮ್ಮ ಕಡೆ ಮೂರ್ನಾಲ್ಕು ದಿನ ಬರುವುದಿಲ್ಲ, ನೆಟ್‌ವರ್ಕ್ ಕೂಡ ಇರುವುದಿಲ್ಲ. ಕುಶಾಲನಗರದ ಕಾಲೇಜು ಹುಡುಗಿಯೊಬ್ಬಳು ಕಳಿಸಿದ ಮೊದಲ ಪುಲ್ ರಿಕ್ವೆಸ್ಟ್ (ಸೇರಿಸಿಕೊಳ್ಳಿ ಅಂತ ಕಳಿಸುವ ಕೋಡ್ ಬದಲಾವಣೆ) 23 ದಿನ ಹಾಗೇ ಬಿದ್ದಿತ್ತು. "ನೋಡ್ತೀವಮ್ಮ, ಸ್ವಲ್ಪ ತಡೆ" ಅಂತ ಒಬ್ಬರೂ ಹೇಳಲಿಲ್ಲ. ಆಮೇಲೆ ಅವಳು ಬರಲೇ ಇಲ್ಲ. ಆ ಬೇಜಾರಿಗೆ ನಿಯಮವನ್ನೇ ತೆಗೆದುಹಾಕಿದ್ದೆವು.

ಈ ಸಲ ಕೂತು, ಬೇರೆಯವರು ಹೇಗೆ ಮಾಡುತ್ತಾರೆ ಅಂತ ಓದಿದೆವು. ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಬರೆಯುವವರು ಇವತ್ತಿಗೂ ಪ್ಯಾಚ್‌ಗಳನ್ನು (ಕೋಡ್ ತಿದ್ದುಪಡಿಗಳನ್ನು) ಇಮೇಲ್‌ನಲ್ಲೇ ಕಳಿಸುತ್ತಾರೆ. ನೆಟ್ ಇದ್ದಾಗ ಇಳಿಸಿಕೊಂಡು ಇಲ್ಲದಾಗ ಓದಬಹುದು, ನಮಗೆ ಹೇಳಿ ಮಾಡಿಸಿದ ಹಾಗಿದೆ. ಆದರೆ ಹೊಸಬರಿಗೆ ಅದನ್ನು ಕಲಿಸುವುದೇ ಒಂದು ಕೆಲಸ. ಅಪಾಚೆ ಎಂಬ ಓಪನ್ ಸೋರ್ಸ್ ಸಂಸ್ಥೆಯ ಪ್ರಾಜೆಕ್ಟ್‌ಗಳ ಪದ್ಧತಿ ಹಿಡಿಸಿತು. ಸುಮ್ಮನಿದ್ದರೆ ಒಪ್ಪಿಗೆ ಅಂತಲೇ ಲೆಕ್ಕ, ಸಾಮಾನ್ಯವಾಗಿ 72 ಗಂಟೆ ಕಾಯುತ್ತಾರೆ. ಕೋಡ್ ಬೇಡ ಅನ್ನುವವರು ತಾಂತ್ರಿಕ ಕಾರಣ ಕೊಡಲೇಬೇಕು. ಇದು ನನಗೆ ತುಂಬಾ ಇಷ್ಟವಾಯಿತು. ಐದೇ ಜನರ ಗುಂಪಿನಲ್ಲಿ ಬರೀ "ಬೇಡ" ಅಂದರೆ ಮನಸ್ಸು ಮುರಿಯುತ್ತದೆ ಅಲ್ವಾ?

ಕೊನೆಗೆ ಎಲ್ಲದಕ್ಕೂ ಒಂದೇ ನಿಯಮ ಬೇಡ ಅಂದುಕೊಂಡೆವು. ಅನುವಾದ, ಸಹಾಯದ ಪುಟ, ಬಣ್ಣ ಇಂಥವಕ್ಕೆ 72 ಗಂಟೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಏಳು ದಿನ. ತಕರಾರು ಬರದಿದ್ದರೆ ಮರ್ಜ್. ಮಳೆ ಲೆಕ್ಕ ಮುಟ್ಟುವ ಕೋಡ್ ಆದರೆ ಎಷ್ಟೇ ದಿನವಾಗಲಿ, ಇನ್ನೊಬ್ಬರು ಓದಲೇಬೇಕು. ರೈಟರ್ ತಮ್ಮ ಮಳೆ ಪುಸ್ತಕದ ಮೂರು ತಿಂಗಳ ಪುಟಗಳ ಫೋಟೋ ಕೊಟ್ಟಿದ್ದಾರೆ. ಕೋಡ್ ಸರಿಯಿದೆಯಾ ಅಂತ ನೋಡಲು ಆ ಅಂಕಿಗಳೇ ಈಗ ನಮ್ಮ ಟೆಸ್ಟ್. ಎಂಟು ಸೆಂಟಿನ ಆ ದಿನವೂ ಅದರಲ್ಲಿದೆ. ಇನ್ನು ಹೊಸಬರು ಏನೇ ಕಳಿಸಲಿ, ಕರೆಂಟ್ ಬಂದ ದಿನವೇ ಒಂದು ಸಾಲಿನ ಉತ್ತರ ಹೋಗಬೇಕು.

ಆ ಹುಡುಗಿಯ ಪುಲ್ ರಿಕ್ವೆಸ್ಟ್ ಇನ್ನೂ ತೆರೆದೇ ಇದೆ. ನಿನ್ನೆ ರಾತ್ರಿ ಪೂರ್ತಿ ಓದಿದೆ. ಚೆನ್ನಾಗಿ ಬರೆದಿದ್ದಾಳೆ. ಕ್ಷಮೆ ಕೇಳಿ, ಎರಡು ಕಡೆ ಸಣ್ಣ ತಿದ್ದುಪಡಿ ಸೂಚಿಸಿ ಉತ್ತರ ಹಾಕಿದ್ದೇನೆ.